ಡ್ರಮ್ಮಿನೊಳಗೆ ಜನ ಇದ್ದಾರೆ

ಇಂಜಿನ್ ಚಾಲೂ ಮಾಡುವ ಮೊದಲು ಡ್ರೈವರ್ ಅದಕ್ಕೆ ಮಾಡುತ್ತಿದ್ದ ಉಪಚಾರ ನೋಡಬೇಕಿತ್ತು. ಬಾಣಂತಿಗೂ ಯಾರೂ ಅಷ್ಟು ಮಾಡುವುದಿಲ್ಲ. ಮೊದಲು ಹಳೇ ಬನಿಯನ್ ತುಂಡಿನಿಂದ ಅದರ ಮೈ ಒರೆಸುತ್ತಿದ್ದ. ಆಯಿಲ್ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿಯುತ್ತಿದ್ದ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕುತ್ತಿದ್ದ. ಪೈಪಿನ ಕೆಳಗೆ ಬೆರಳು ಸವರಿ, ಎಲ್ಲಾದರೂ ಸೋರಿದೆಯೇ ಎಂದು ಮೂಸಿ ನೋಡುತ್ತಿದ್ದ. ಬೆಲ್ಟ್ ಒತ್ತಿ ನೋಡುತ್ತಿದ್ದ. ಜಲ್ಲಿ ತುಂಬಿದ ತೊಟ್ಟಿಯನ್ನು ಮೇಲೆತ್ತುವ ತಂತಿಹಗ್ಗದ ಎಳೆ ಬಿಟ್ಟಿದೆಯೇ ಎಂದು ಮಾರುದ್ದ ತಡವುತ್ತಿದ್ದ. ಇಷ್ಟೆಲ್ಲ ನೋಡುವ ಮಹಾನುಭಾವ ಒಂದನ್ನು ಮಾತ್ರ ನೋಡುತ್ತಿರಲಿಲ್ಲ. ಕಾಂಕ್ರೀಟ್ ಕಲಸುವ ಡ್ರಮ್ಮಿನ ಬಾಯಿಗೆ ತಲೆ ಹಾಕಿ, ಒಳಗೆ ಮನುಷ್ಯರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿರಲಿಲ್ಲ.

ಇರುತ್ತಿದ್ದರು. ಮಾಲು ಕಲಸುವ ದಿನವೆಲ್ಲ, ಬೆಳಿಗ್ಗೆ ಬೆಳಿಗ್ಗೆ, ಇರುತ್ತಿದ್ದರು.

ಕಲಸಿದ ಮಾಲು ಸಂಜೆಗೆ ಪೂರ್ತಿ ಖಾಲಿಯಾಗುವುದಿಲ್ಲ. ಡ್ರಮ್ಮಿನ ಒಳಗೋಡೆಗೆ, ಒಳಗಿನ ಕಬ್ಬಿಣದ ರೆಕ್ಕೆಗಳಿಗೆ ಬೆರಳು ದಪ್ಪ ಅಂಟಿರುತ್ತದೆ. ಆಗಲೇ ಜಲ್ಲಿ, ನೀರು ಹಾಕಿ ಹತ್ತು ನಿಮಿಷ ತಿರುಗಿಸಿದರೆ ತೊಳೆದು ಹೋಗುತ್ತದೆ. ಆದರೆ ಮೇಸ್ತ್ರಿಗೆ ಸಂಜೆ ಹೊತ್ತು ಡೀಸೆಲ್ ಸುಡುವುದೆಂದರೆ ಮೈ ಸುಟ್ಟಷ್ಟು ಸಂಕಟ. "ಹೆಂಗಸರು ಕೆರೀತಾರೆ ಬಿಡು" ಎನ್ನುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಕಲ್ಲು. ಆ ಕಲ್ಲು ಒಡೆಯಲು ಉಳಿ, ಸುತ್ತಿಗೆ ಹಿಡಿದು ಒಂದೂವರೆ ಅಡಿಯ ಬಾಯಿಯೊಳಗೆ ನುಸುಳಬೇಕು. ನುಸುಳಲು ಸಣ್ಣ ಮೈ ಬೇಕು. ಸಣ್ಣ ಮೈ ಯಾರಿಗಿರುತ್ತದೆ ಹೇಳಿ? ಹೊಟ್ಟೆಗೆ ಸರಿಯಾಗಿ ಬೀಳದವರಿಗೆ.

ಹಾಗೆ ನುಸುಳುವವಳಿಗೆ ಸೈಟಿನವರು ಸೂಜಿ ಎಂದು ಹೆಸರಿಟ್ಟಿದ್ದರು. ಅವಳ ಗಂಡ ಸೆಂಟ್ರಿಂಗ್ ಹಲಗೆ ಹೊಡೆಯುವವನು. ಅವಳು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಾನೆಂದು ಅವನಿಗೆ ದಾರ ಎಂಬ ಹೆಸರು ಬಿತ್ತು. ಇಬ್ಬರೂ ನಕ್ಕು ಸುಮ್ಮನಾಗಿದ್ದರು. ಸೂಜಿಗೆ ಮೈ ಸರಿಯಿಲ್ಲದ ದಿನ ಅವಳ ವಾರಗಿತ್ತಿ ಡ್ರಮ್ಮಿಗೆ ಇಳಿಯುತ್ತಿದ್ದಳು. ದಾರನ ಸತ್ತುಹೋದ ಅಣ್ಣನ ಹೆಂಡತಿ. ಸೂಜಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಮೂವರೂ ಸೈಟಿನ ಮೂಲೆಯ ಒಂದೇ ತಗಡಿನ ಶೆಡ್ಡಿನಲ್ಲಿದ್ದರು. ವಾರಗಿತ್ತಿಯರು ಒಂದೇ ಒಲೆಯಲ್ಲಿ ಬೇಯಿಸಿದರೆ ಜಗಳ ಖಾತ್ರಿ ಎನ್ನುತ್ತಾರೆ. ಇವರಿಗೆ ಜಗಳವಾಡುವಷ್ಟು ಪುರಸೊತ್ತು ಯಾವತ್ತೂ ಸಿಕ್ಕಿರಲಿಲ್ಲ.

ಡ್ರಮ್ಮಿನೊಳಗೆ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತದೆ. ಸುತ್ತಿಗೆಯ ಪ್ರತಿ ಏಟೂ ಕಿವಿಯೊಳಗೇ ಬೀಳುತ್ತದೆ. ಸಿಮೆಂಟ್ ಪುಡಿ ಗಂಟಲಲ್ಲಿ ಕೂತು ಕಫ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆವರಿಗೆ ಸಿಮೆಂಟ್ ಬೆರೆತರೆ ಬೆರಳ ಸಂದಿ ಉರಿಯುತ್ತದೆ, ಆಮೇಲೆ ಸುಲಿಯುತ್ತದೆ. ಸೂಜಿಯ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎಲ್ಲಾದರೂ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಉಂಡೆ ಬೀಳುತ್ತಿತ್ತು. "ಇದೇನಮ್ಮಾ, ನಿನಗೆ ಗುರುತೇ ಇಲ್ಲವಲ್ಲ" ಎಂದು ಒಬ್ಬ ಗುಮಾಸ್ತ ನಕ್ಕಿದ್ದ.

ಒಳಗೆ ಜನ ಇದ್ದಾರೋ ಇಲ್ಲವೋ ತಿಳಿಯಲು ಸೈಟಿನಲ್ಲಿ ಒಂದು ಪದ್ಧತಿಯಿತ್ತು. ಡ್ರೈವರ್ ಸ್ಪ್ಯಾನರ್‌ನಿಂದ ಡ್ರಮ್ಮಿಗೆ ಮೂರು ಸಲ ಬಡಿಯುವುದು. ಒಳಗಿದ್ದವರು ಸುತ್ತಿಗೆಯಿಂದ ಮೂರು ಸಲ ತಿರುಗಿ ಬಡಿಯುವುದು. ಉತ್ತರ ಬಂದರೆ ಕಾಯುವುದು, ಬಾರದಿದ್ದರೆ ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸುವುದು. ಈ ಪದ್ಧತಿ ಮಾಡಿದವನು ಡ್ರಮ್ಮಿನೊಳಗೆ ಒಂದು ದಿನವೂ ಇಳಿದವನಲ್ಲ. ಯಾಕೆಂದರೆ ಹತ್ತು ಹೆಜ್ಜೆ ಆಚೆ ಕಂಬಿ ಬಗ್ಗಿಸುವವರು ಬೆಳಗಿನಿಂದಲೇ ಕಬ್ಬಿಣ ಬಡಿಯುತ್ತಿರುತ್ತಾರೆ. ಮೇಲೆ ಹಲಗೆ ಹೊಡೆಯುವವರು ಮೊಳೆ ಬಡಿಯುತ್ತಿರುತ್ತಾರೆ. ಇಡೀ ಸೈಟೇ ಬಡಿಯುವಾಗ ಯಾವ ಬಡಿತ ಯಾರಿಗೆ ಎಂದು ಒಳಗಿದ್ದವರು ಹೇಗೆ ತಿಳಿಯಬೇಕು?

ಇನ್ನು ಆ ಹ್ಯಾಂಡಲ್. ಮೊಳದುದ್ದದ, ಎರಡು ಕಡೆ ಮಡಚಿದ ಕಬ್ಬಿಣ. ಅದನ್ನು ಸಿಕ್ಕಿಸಿ ತಿರುಗಿಸದಿದ್ದರೆ ಇಂಜಿನ್ ಏಳುವುದಿಲ್ಲ. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಇಂಜಿನ್ ಮುನಿಸಿಕೊಳ್ಳುತ್ತದಂತೆ. ಸೂಜಿ ಒಮ್ಮೆ ಅದು ದಾರಿಯಲ್ಲಿ ಬಿದ್ದಿದೆಯೆಂದು ಎತ್ತಿಟ್ಟದ್ದಕ್ಕೆ ಮೇಸ್ತ್ರಿ ಎಲ್ಲರೆದುರು, "ಕೈ ತೊಳ್ಕೊಂಡು ಮುಟ್ಟಿದ್ಯೇನೇ? ಡ್ರಮ್ ಕೆರೆಯೋ ಕೈ ಡ್ರಮ್ಮಿಗೇ ಇರ್ಲಿ" ಎಂದಿದ್ದ. ಡ್ರೈವರ್ ಅದನ್ನು ಅವಳೆದುರೇ ಒರೆಸಿಟ್ಟಿದ್ದ. ಇಂಜಿನ್ನಿಗೆ ಮಡಿ, ನೋಡಿ. ಡ್ರಮ್ಮಿಗೆ ಯಾವ ಮಡಿಯೂ ಇಲ್ಲ.

ಹದಿನೈದು ದಿನದ ಹಿಂದೆ ಸೂಜಿಗೆ ಜ್ವರವಿತ್ತು. ನೀರಿನ ಪೈಪ್ ಹಿಡಿಯುವ ಹಗುರ ಕೆಲಸಕ್ಕೆ ಅವಳು ನಿಂತಳು, ಡ್ರಮ್ಮಿಗೆ ಅಕ್ಕ ಇಳಿದಳು. ಡ್ರೈವರ್ ಆಯಿಲ್ ನೋಡಿದ, ಡೀಸೆಲ್ ನೋಡಿದ, ಬೆಲ್ಟ್ ನೋಡಿದ. ಮೂರು ಸಲ ಬಡಿದ. ಉತ್ತರ ಬರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದ. ಈ ಮಷಿನ್ನಿನಲ್ಲಿ ಇಂಜಿನ್ ಎದ್ದರೆ ಡ್ರಮ್ಮೂ ಜೊತೆಗೇ ತಿರುಗುತ್ತದೆ, ತಡೆಯುವಂಥದ್ದು ನಡುವೆ ಏನೂ ಇಲ್ಲ.

ಸೂಜಿಗೆ ಮೊದಲು ಕೇಳಿಸಿದ್ದು ಕಿರುಚಾಟವಲ್ಲ. ಡ್ರಮ್ಮಿನೊಳಗೆ ಸುತ್ತಿಗೆ ಉರುಳುವ ಸದ್ದು. ಆಮೇಲೆ ಅಕ್ಕನ ದನಿ. ಆಮೇಲೆ ಆ ದನಿಯೂ ಇಲ್ಲ. ಡ್ರೈವರ್ ಇಂಜಿನ್ ನಿಲ್ಲಿಸುವಷ್ಟರಲ್ಲಿ ಡ್ರಮ್ಮು ಏಳು ಸುತ್ತು ಬಂದಿತ್ತು. ಸೂಜಿ ಎಣಿಸಿದ್ದಳು. ಯಾಕೆ ಎಣಿಸಿದಳೋ ಅವಳಿಗೇ ಗೊತ್ತಿಲ್ಲ. ಓಡಬೇಕಿದ್ದ ಕಾಲು ನೆಲ ಕಚ್ಚಿ ನಿಂತಿತ್ತು, ಬಾಯಿ ಒಂದು, ಎರಡು, ಮೂರು ಎನ್ನುತ್ತಿತ್ತು.

ಅಕ್ಕನ ಸೊಂಟ ಮುರಿದಿತ್ತು. ಎಡತೋಳು ಎರಡು ಕಡೆ ಮುರಿದಿತ್ತು. ಜಲ್ಲಿ ತಂದಿದ್ದ ಟ್ರ್ಯಾಕ್ಟರಿನಲ್ಲೇ ಆಸ್ಪತ್ರೆಗೆ ಒಯ್ದರು. ಒಯ್ದು ಒಂದು ಗಂಟೆ ಆಗುವ ಮೊದಲೇ ಇಲ್ಲಿ ಇಂಜಿನ್ ಮತ್ತೆ ಎದ್ದಿತು. ಸಿಮೆಂಟ್ ಮೂಟೆ ಬಿಚ್ಚಿಯಾಗಿತ್ತಲ್ಲ! ಮನುಷ್ಯರ ಮೂಳೆ ಕಾಯುತ್ತದೆ, ಬಿಚ್ಚಿದ ಸಿಮೆಂಟ್ ಕಾಯುವುದಿಲ್ಲ. ಡ್ರಮ್ಮಿನ ಒಳಗನ್ನು ಯಾರೂ ತೊಳೆಯಲಿಲ್ಲ. ಅಕ್ಕನ ರಕ್ತವೂ ಆ ದಿನದ ಮಾಲಿನಲ್ಲಿ ಕಲಸಿಹೋಯಿತು. ಎರಡನೇ ಮಹಡಿಯ ಯಾವುದೋ ಮೂಲೆಯಲ್ಲಿ ಅದು ಈಗಲೂ ಇದೆ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಮಾತು ಬಂದದ್ದು ನಾಲ್ಕನೇ ದಿನ.

"ನಂಗೆ ಬಡಿತ ಕೇಳಿಸ್ತು ಕಣೇ," ಎಂದಳು. "ಕಂಬಿ ಬಡಿಯೋರು ಅಂದ್ಕೊಂಡೆ. ಕಣ್ಣಿಗೆ ಚೂರು ಸಿಡಿದಿತ್ತು. ಸುತ್ತಿಗೆ ಕೆಳಗಿಟ್ಟು ಸೆರಗಿನ ತುದೀಲಿ ತೆಗೀತಿದ್ದೆ. ಅಷ್ಟೇ ಹೊತ್ತು."

"ನಾನು ಇಳೀಬೇಕಿತ್ತು ಅಕ್ಕ."

"ಹುಚ್ಚಿ. ನೀನು ಇಳಿದಿದ್ರೆ ನಿನ್ನ ಸೊಂಟ. ಯಾರಿಳಿದ್ರೂ ಒಬ್ಬಳ ಸೊಂಟ."

ಸೊಂಟಕ್ಕೆ ಇನ್ನೊಂದು ಆಪರೇಷನ್ ಆಗಬೇಕು, ಕಂಬಿ ಕೂರಿಸಬೇಕು, ಇಲ್ಲದಿದ್ದರೆ ಇವಳು ಎದ್ದು ಕೂರುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಕಂಪನಿಯವರು ನೋಡೋಣ ಎಂದರು. ಆ ನೋಡೋಣ ಹದಿನಾಲ್ಕು ದಿನ ನಡೆಯಿತು.

ಹದಿನಾಲ್ಕನೇ ದಿನ ಸಂಜೆ ಮೇಸ್ತ್ರಿ ಶೆಡ್ಡಿನ ಬಾಗಿಲಿಗೆ ಬಂದ. ಯಾವತ್ತೂ ಬಂದವನಲ್ಲ. ಕೈಯಲ್ಲಿ ಒಂದು ಕಾಗದ, ಒಂದು ಮಸಿಯ ಡಬ್ಬಿ.

"ಸೂಜೀ, ಇದಕ್ಕೊಂದು ಹೆಬ್ಬೆಟ್ಟು ಒತ್ತಮ್ಮ. ನೀನು ಅಲ್ಲೇ ಇದ್ದೆಯಲ್ಲ, ಸಾಕ್ಷಿ. ನಾಡಿದ್ದು ಕಾರ್ಮಿಕ ಇಲಾಖೆ ಸಾಹೇಬ್ರು ಬರ್ತಾರೆ."

ಅಮ್ಮ! ಹದಿನೈದು ದಿನದ ಹಿಂದೆ ಏನೇ, ಲೇ. ಈಗ ಅಮ್ಮ. ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಸೂಜಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು, "ಏನ್ ಬರೆದಿದೆ, ಓದಿ."

ಮೇಸ್ತ್ರಿ ಓದಿದ. "ಸದರಿ ಹೆಣ್ಣಾಳು ಯಾರಿಗೂ ತಿಳಿಸದೆ ಡ್ರಮ್ಮಿನೊಳಗೆ ಹೋಗಿ ನಿದ್ದೆ ಮಾಡುತ್ತಿದ್ದುದರಿಂದ..."

"ಯಾರು ನಿದ್ದೆ ಮಾಡಿದ್ದು?"

"ನಿಮ್ಮಕ್ಕ."

"ಡ್ರಮ್ಮೊಳಗೆ?"

"ಹಂಗಂತ ಬರೀಬೇಕಾಗುತ್ತೆ ಕಣೇ. ಕಾನೂನು."

"ನೀವೊಂದ್ಸಲ ಒಳಗೆ ಹೋಗಿ ಮಲಗಿ ನೋಡಿ ಮೇಸ್ತ್ರಿ. ನಿದ್ದೆ ಬಂದ್ರೆ ಹೇಳಿ. ಎರಡೂ ಕೈಯಿಂದ ಹೆಬ್ಬೆಟ್ಟು ಒತ್ತುತೀನಿ."

ಮೇಸ್ತ್ರಿಯ ನಗು ನಿಂತಿತು. "ಬಾಯಿ ಜಾಸ್ತಿ ಆಯ್ತು. ನೋಡು, ತಪ್ಪು ನಮ್ದು ಅಂತಾದ್ರೆ ಕೆಲಸ ನಿಲ್ಲುತ್ತೆ, ಎಲ್ಲಾರ ಹೊಟ್ಟೆ ಮೇಲೂ ಬೀಳುತ್ತೆ. ತಪ್ಪು ಅವಳ್ದು ಅಂತಾದ್ರೆ ಇಲ್ಲಿಗೆ ಮುಗೀತು."

"ಅವಳ ಆಪರೇಷನ್ನು?"

"ಅವಳ ತಪ್ಪಿಗೆ ಕಂಪನಿ ಯಾಕೆ ಆಪರೇಷನ್ ಮಾಡಿಸ್ಬೇಕು?"

ಅಲ್ಲಿಗೆ ಎಲ್ಲ ಬಿಡಿಸಿ ಹೇಳಿದಂತಾಯಿತು. ಆ ಕಾಗದಕ್ಕೆ ಒಂದು ಮಸಿಯ ಉಂಡೆ ಬಿದ್ದರೆ ಅಕ್ಕ ಜೀವಮಾನವಿಡೀ ಮಲಗಿದ ಕಡೆಯೇ ಮಲಗಬೇಕು. ಅದರ ಮೇಲೆ ಕೆಲಸಗಳ್ಳಿ ಎಂಬ ಹೆಸರು ಬೇರೆ. ಗಾಯದ ಮೇಲೆ ಬರೆ.

"ನಾಳೆ ಮೂರನೇ ತಾರಸಿ. ಅದು ಮುಗಿದ ತಕ್ಷಣ ಒತ್ತಬೇಕು. ಇಲ್ಲಾಂದ್ರೆ ಶೆಡ್ ಖಾಲಿ ಮಾಡಿ," ಎಂದು ಮೇಸ್ತ್ರಿ ಹೋದ.

ದಾರ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ. "ಒತ್ತಿಬಿಡೇ," ಎಂದ. "ದೊಡ್ಡೋರ ಉಸಾಬರಿ ನಮಗ್ಯಾಕೆ."

"ದೊಡ್ಡೋರ ಉಸಾಬರಿ ಅಲ್ಲರೀ ಇದು, ನಿಮ್ಮ ಅತ್ತಿಗೆದು. ಚಿಕ್ಕೋರಿದ್ದಾಗ ನಿಮ್ಮನ್ನ ಸೊಂಟದ ಮೇಲೆ ಹೊತ್ತು ತಿರುಗಿದೋಳು. ಈಗ ಮುರಿದಿರೋದು ಆ ಸೊಂಟಾನೇ."

ದಾರ ಗೋಡೆಯ ಕಡೆ ತಿರುಗಿ ಕೂತ.

ಮರುದಿನ ಬೆಳಿಗ್ಗೆ ಸೈಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾರಸಿ ಹಾಕುವ ದಿನ ಮದುವೆ ಮನೆಗಿಂತ ಗದ್ದಲ ಜಾಸ್ತಿ. ನಲವತ್ತು ಜನ ಆಳು. ಜಲ್ಲಿಯ ರಾಶಿ, ಮರಳಿನ ರಾಶಿ, ಸಾಲಾಗಿ ಜೋಡಿಸಿದ ಸಿಮೆಂಟ್ ಮೂಟೆ. ಬಾಂಡ್ಲಿ ಹಿಡಿದ ಹೆಂಗಸರು ಏಣಿಯುದ್ದಕ್ಕೂ ನಿಂತಿದ್ದರು. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ತಾರಸಿ ಸೀಳುತ್ತದೆ. ಹನ್ನೊಂದಕ್ಕೆ ಇಂಜಿನಿಯರ್ ಬರುವವರಿದ್ದರು.

"ಏ ಸೂಜಿ, ಇಳಿಯೇ ಒಳಗೆ. ಗಂಟೇಲಿ ಫಳಫಳ ಅನ್ಬೇಕು!" ಎಂದ ಮೇಸ್ತ್ರಿ.

ಸೂಜಿ ಉಳಿ, ಸುತ್ತಿಗೆ ತೆಗೆದುಕೊಂಡಳು. ಡ್ರಮ್ಮಿನ ಬಾಯಿಯ ಕಡೆ ಹೋಗದೆ ಇಂಜಿನ್ನಿನ ಕಡೆ ಹೋದಳು. ಹ್ಯಾಂಡಲ್ ಕೊಕ್ಕೆಗೆ ನೇತುಬಿದ್ದಿತ್ತು. ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಬಿಗಿದಳು. ಡ್ರೈವರ್ ಆಯಿಲ್ ಕಡ್ಡಿ ಒರೆಸುತ್ತಾ ಅಲ್ಲೇ ಇದ್ದ.

"ಏ, ಅದನ್ನ..." ಎಂದ. ಸೂಜಿ ಅವನ ಮುಖ ನೋಡಿದಳು. ಹದಿನೈದು ದಿನದಿಂದ ಅವನು ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಬ್ರೆಡ್ಡಿನ ಪೊಟ್ಟಣ ಇಟ್ಟು, ಕೂಗದೆ ಓಡಿಹೋಗಿದ್ದ. ಈಗಲೂ ಕಣ್ಣು ತಪ್ಪಿಸಿದ. ಆಯಿಲ್ ಕಡ್ಡಿಯನ್ನು ಮತ್ತೊಮ್ಮೆ ಒರೆಸಿದ.

ಒಳಗೆ ಹೋದವಳು ಮೊದಲು ಕೆಲಸ ಮಾಡಿದಳು. ಹದಿನೈದು ದಿನದ ಕಲ್ಲು. ಒಂದು ಗಂಟೆ ಒಂದೇ ಸಮ ಒಡೆದಳು. ರೆಕ್ಕೆಗಳ ಸಂದಿ, ಮೂಲೆ, ಅಂಚು, ಒಂದನ್ನೂ ಬಿಡಲಿಲ್ಲ. ಚೂರುಗಳನ್ನು ಬೊಗಸೆಯಲ್ಲಿ ಎತ್ತಿ ಬಾಯಿಯಿಂದ ಹೊರಗೆ ಸುರಿದಳು. ಮೈಗಳ್ಳಿ ಎಂದು ಇವಳನ್ನೂ ಕಾಗದದಲ್ಲಿ ಬರೆಯುವುದು ಬೇಡ. ಎಲ್ಲ ಮುಗಿದ ಮೇಲೆ ಹ್ಯಾಂಡಲ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು.

ಹೊರಗಿನಿಂದ ಮೂರು ಬಡಿತ. ಇವಳು ಹ್ಯಾಂಡಲ್‌ನಿಂದ ಮೂರು ಬಡಿದಳು. ಸ್ವಲ್ಪ ಹೊತ್ತು ಬಿಟ್ಟು ಹೊರಗಿನಿಂದ ಮತ್ತೆ ಮೂರು. ಇವಳೂ ಮತ್ತೆ ಮೂರು ಬಡಿದಳು.

"ಆಯ್ತೇನೇ? ಬಾ ಹೊರಗೆ!" ಮೇಸ್ತ್ರಿ ಕೂಗಿದ.

"ಬರಲ್ಲ."

ಸೂಜಿಯ ದನಿ ಸಣ್ಣದು. ಶೆಡ್ಡಿನಲ್ಲಿ ಕರೆದರೆ ಪಕ್ಕದ ಶೆಡ್ಡಿಗೂ ಕೇಳದು. ಡ್ರಮ್ಮಿನೊಳಗಿಂದ ಬಂದ ಆ ಒಂದು ಮಾತಿಗೆ ಮೂರನೇ ಮಹಡಿಯವರೂ ಕೆಳಗೆ ಬಗ್ಗಿ ನೋಡಿದರು.

"ಏನಂದೆ?"

"ಬರಲ್ಲ ಅಂದೆ. ಆ ಕಾಗದ ಹರೀರಿ. ನಿಜ ಬರೀರಿ. ಅಕ್ಕ ನಿದ್ದೆ ಮಾಡಿರ್ಲಿಲ್ಲ. ನೀವು ಇಳಿಸಿದ್ರಿ, ಅವಳು ಇಳಿದ್ಲು. ಒಳಗೆ ನೋಡದೆ ಇಂಜಿನ್ ತಿರುಗ್ಸಿದ್ರಿ. ಅಷ್ಟು ಬರೀರಿ ಸಾಕು. ಇನ್ನೊಂದು. ಇವತ್ತಿಂದ ಡ್ರಮ್ಮಿಗೆ ಯಾರು ಇಳೀತಾರೋ ಹ್ಯಾಂಡಲ್ ಅವರ ಹತ್ರ."

"ಹ್ಯಾಂಡಲ್ಲಾ?" ಮೇಸ್ತ್ರಿ ಕೊಕ್ಕೆಯ ಕಡೆ ತಿರುಗಿದ. ಕೊಕ್ಕೆ ಖಾಲಿ. "ಲೇ ಡ್ರೈವರ್, ನೀನೇನು ಕತ್ತೆ ಕಾಯ್ತಿದ್ಯಾ? ಅವಳು ತಗೊಂಡೋಗೋದು ನೋಡ್ಲಿಲ್ವಾ?"

"ನೋಡಿದೆ," ಎಂದ ಡ್ರೈವರ್.

ಮೇಸ್ತ್ರಿ ಮೊದಲು ಬೈದ. ಬಾಯಿಗೆ ಬಂದದ್ದೆಲ್ಲ ಬೈದ. ಆಮೇಲೆ ರಮಿಸಿದ. "ಏಳಮ್ಮಾ, ಬಾರಮ್ಮಾ, ಕೂತು ಮಾತಾಡೋಣ" ಎಂದ. ಒಳಗಿನಿಂದ "ಕೂತೇ ಮಾತಾಡ್ತಿದೀನಿ" ಎಂದು ಉತ್ತರ ಬಂತು. ಏಣಿಯ ಮೇಲಿನ ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿಗೆ ಬೈಗುಳಕ್ಕಿಂತ ಆ ನಗು ಚುಚ್ಚಿತು. ಪಕ್ಕದ ಬೀದಿಯಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು, ಅಲ್ಲೂ ಇಂಥದೇ ಮಿಕ್ಸರ್. ಒಬ್ಬನನ್ನು ಓಡಿಸಿದ. ಹತ್ತು ನಿಮಿಷದಲ್ಲಿ ಎರಡನೇ ಹ್ಯಾಂಡಲ್ ಬಂತು.

"ತಗೋ, ಹಾಕು," ಎಂದು ಅದನ್ನು ಡ್ರೈವರ್ ಕೈಗೆ ತುರುಕಲು ಹೋದ.

ಡ್ರೈವರ್ ತೆಗೆದುಕೊಳ್ಳಲಿಲ್ಲ. "ಒಳಗೆ ಜನ ಇದ್ದಾರೆ ಮೇಸ್ತ್ರಿ."

"ನಂಗೂ ಗೊತ್ತು ಕಣಯ್ಯ! ಒಂದೇ ಒಂದು ಸಲ ಬುರ್ ಅನ್ಸು. ಇಲಿ ಥರ ಓಡಿ ಬರ್ತಾಳೆ."

"ಅವತ್ತೂ ಜನ ಇದ್ರು. ಅವತ್ತು ಗೊತ್ತಿರ್ಲಿಲ್ಲ, ನೋಡ್ಲಿಲ್ಲ. ಇವತ್ತು ಗೊತ್ತಿದೆ. ನಾನು ಮುಟ್ಟಲ್ಲ."

"ನೀನು ಮುಟ್ಟದಿದ್ರೆ ಬಿಡು. ನಂಗೂ ಎರಡು ಕೈಯಿವೆ," ಎಂದು ಮೇಸ್ತ್ರಿ ತೋಳು ಮಡಚಿದ.

ಡ್ರಮ್ಮಿನೊಳಗೆ ಸೂಜಿಗೆ ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದು ಕೇಳಿಸಿತು. ಇವತ್ತು ಕಂಬಿ ಬಡಿಯುವವರೂ ಕೈ ನಿಲ್ಲಿಸಿ ನಿಂತಿದ್ದರು, ಆದ್ದರಿಂದ ಸ್ಪಷ್ಟವಾಗಿ ಕೇಳಿಸಿತು. ಸುಳ್ಳು ಯಾಕೆ ಹೇಳಬೇಕು, ಅವಳು ಹೆದರಿದಳು. ಡ್ರಮ್ಮಿನ ಬಾಯಿಯ ಕಡೆ ತೆವಳಿ ಹೊರಬೀಳಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ಅಷ್ಟರೊಳಗೆ ಎಷ್ಟು ಸುತ್ತು ಎಂಬುದೂ ಗೊತ್ತಿತ್ತು. ಹೋಗಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಹೋದರೆ ಮಸಿಯ ಡಬ್ಬಿ ಕಾಯುತ್ತಿದೆ. ಬೆನ್ನನ್ನು ಒಂದು ರೆಕ್ಕೆಗೆ, ಪಾದಗಳನ್ನು ಇನ್ನೊಂದು ರೆಕ್ಕೆಗೆ ಒತ್ತಿ, ಹ್ಯಾಂಡಲ್ ಎದೆಗವಚಿಕೊಂಡಳು.

"ತಿರುಗ್ಸಿ ಮೇಸ್ತ್ರಿ!" ಎಂದು ಕಿರುಚಿದಳು. "ಏಳು ಸುತ್ತಿಗೆ ಅಕ್ಕನ ಸೊಂಟ ಹೋಯ್ತು. ನಂದು ಎಷ್ಟಕ್ಕೆ ಹೋಗುತ್ತೋ ಎಣಿಸಿ! ಎಲ್ಲಾರೂ ಎಣಿಸಿ! ಆಮೇಲೆ ನಾನೂ ನಿದ್ದೆ ಮಾಡ್ತಿದ್ದೆ ಅಂತ ಬರೀರಿ!"

ಅಷ್ಟರಲ್ಲಿ ಡ್ರಮ್ಮಿನ ಬಾಯಿಯ ಬೆಳಕು ಹೋಯಿತು.

ಮರಳು ಹೊರುವ ಗುಂಡಕ್ಕ. ಸೈಟಿನಲ್ಲೇ ದೊಡ್ಡ ಮೈ. ಬಾಂಡ್ಲಿ ಬಿಸಾಕಿ ಬಂದು, ಎರಡೂ ಕೈ ಮುಂದೆ ಚಾಚಿ, ತಲೆ, ಹೆಗಲು ಒಳಗೆ ತುರುಕಿದ್ದಳು. ಅಲ್ಲಿಗೆ ಸಿಕ್ಕಿಕೊಂಡಳು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

"ಜರುಗೇ ಸ್ವಲ್ಪ," ಎಂದಳು ಏದುಸಿರಿನಲ್ಲಿ.

"ನೀವು ಹಿಡಿಸಲ್ಲ ಗುಂಡಕ್ಕ. ಅಲ್ಲೇ ಇರಿ, ಸಾಕು."

"ಅಲ್ಲೇ ಇರ್ದೆ ಇನ್ನೆಲ್ಲಿಗೆ ಹೋಗ್ಲಿ, ಸಿಕ್ಕಾಕ್ಕೊಂಡಿದೀನಿ ಕಣೇ!" ಎಂದವಳು ಹೊರಗಿದ್ದ ಕಾಲು ಝಾಡಿಸಿ ಕೂಗಿದಳು, "ತಿರುಗ್ಸೋ ಈಗ! ಧೈರ್ಯ ಇದ್ರೆ ತಿರುಗ್ಸೋ! ಒಳಗೆ ಜನ ಇದ್ದಾರೆ!"

ಏಣಿಯ ಮೇಲಿನ ಹೆಂಗಸರು ಒಬ್ಬೊಬ್ಬರೇ ಬಾಂಡ್ಲಿ ಕೆಳಗಿಟ್ಟರು. ಇಬ್ಬರು ಬಂದು ಗುಂಡಕ್ಕನ ಕಾಲು ಹಿಡಿದು ನಿಂತರು. ಒಬ್ಬಳು ಜಲ್ಲಿ ತೊಟ್ಟಿಯಲ್ಲಿ ಹತ್ತಿ ಕೂತಳು. ಇನ್ನೊಬ್ಬಳು ಮೇಸ್ತ್ರಿಗೂ ಇಂಜಿನ್ನಿಗೂ ನಡುವೆ ನಿಂತು, ಕೈ ಕಟ್ಟಿ, "ಒಳಗೆ ಜನ ಇದ್ದಾರೆ" ಎಂದಳು. ಮಳೆ ಬರುತ್ತಿದೆ ಎಂದಷ್ಟೇ ಸಾಮಾನ್ಯವಾಗಿ ಹೇಳಿದಳು. ಮತ್ತೊಬ್ಬಳು ಹೇಳಿದಳು. ಮೇಲಿನಿಂದ ಕಂಬಿಯವನೊಬ್ಬ ಹೇಳಿದ. ಆಮೇಲೆ ಯಾರು ಹೇಳಿದರು, ಯಾರು ಹೇಳಲಿಲ್ಲ ಎಂಬುದೇ ಗೊತ್ತಾಗಲಿಲ್ಲ. ಒಳಗೆ ಜನ ಇದ್ದಾರೆ. ಒಳಗೆ ಜನ ಇದ್ದಾರೆ. ಮೇಸ್ತ್ರಿಯ ಕೈ ಹ್ಯಾಂಡಲ್ ಮೇಲೆಯೇ ಇತ್ತು, ಆದರೆ ತಿರುಗಿಸಲಿಲ್ಲ.

ಕಿಸೆಯಲ್ಲಿ ಅವನ ಫೋನ್ ಹೊಡೆದುಕೊಂಡಿತು. ಇಂಜಿನಿಯರ್. ಅವನು ಎತ್ತಲಿಲ್ಲ.

"ಆಯ್ತು. ಆಯ್ತು ಮಾರಾಯ್ತೀ," ಎಂದ ಕೊನೆಗೆ. ಹ್ಯಾಂಡಲ್ ಕಿತ್ತು ನೆಲಕ್ಕೆಸೆದ. ತಂದವನು ಅದನ್ನೆತ್ತಿಕೊಂಡು ಪಕ್ಕದ ಕಟ್ಟಡಕ್ಕೆ ವಾಪಸ್ ಒಯ್ದ. ಹಳೇ ಕಾಗದ ಮಡಚಿ ಕಿಸೆಗಿಟ್ಟು, ಸಿಮೆಂಟ್ ಮೂಟೆಯ ಮೇಲೆ ಹೊಸ ಕಾಗದ ಹರಡಿ ಬರಬರನೆ ಬರೆದ. ಬರೆದದ್ದನ್ನು ಡ್ರಮ್ಮಿನ ಕಡೆ ಮುಖ ಮಾಡಿ ಗಟ್ಟಿಯಾಗಿ ಓದಿದ. "ಮೇಸ್ತ್ರಿಯ ಅಪ್ಪಣೆಯಂತೆ ಡ್ರಮ್ಮಿನೊಳಗೆ ಕೆಲಸ ಮಾಡುತ್ತಿದ್ದಾಗ, ಒಳಗೆ ನೋಡದೆ ಇಂಜಿನ್ ಚಾಲೂ ಮಾಡಿದ್ದರಿಂದ... ಸಾಕೇನೇ? ತೃಪ್ತಿ ಆಯ್ತಾ?"

"ಕಾಗದ ನಮ್ಮನೆಯವರ ಕೈಗೆ ಕೊಡಿ," ಎಂದಿತು ಡ್ರಮ್ಮು. "ಅವರು ನಾಲ್ಕನೇ ಕ್ಲಾಸು ಓದಿದ್ದಾರೆ. ಒಂದೇ ಕಾಗದ ಎರಡು ಬಾಯಲ್ಲಿ ಓದಿಸ್ಬೇಕು. ಎರಡೂ ಒಂದೇ ಆದ್ರೆ ಅದು ನಿಜ."

"ಬೇಗ ಓದಿಸ್ರಪ್ಪಾ," ಎಂದು ಗುಂಡಕ್ಕ ನರಳಿದಳು. "ನನ್ನ ಪ್ರಾಣ ಸೊಂಟದಲ್ಲೇ ನಿಂತಿದೆ."

ದಾರ ಮೇಲಿನಿಂದ ಇಳಿದು ಬಂದ. ಕಿವಿಯ ಮೇಲೆ ಮರಗೆಲಸದ ಪೆನ್ಸಿಲ್. ಕಾಗದ ತೆಗೆದುಕೊಂಡ. ಮೇಸ್ತ್ರಿ ಅವನ ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಂತೆ, "ನೋಡ್ಕೊಂಡು ಓದು. ನೀನು ಬುದ್ಧಿವಂತ" ಎಂದ.

ದಾರ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. "ಮೇ... ಮೇಸ್ತ್ರಿಯ ಅಪ್ಪಣೆ..." ಅಲ್ಲಿಗೆ ನಿಂತ. ಮುಂದಿನದನ್ನು ಮನಸ್ಸಿನಲ್ಲೇ ಓದಿದ. ಮತ್ತೆ ಓದಿದ.

"ಇಲ್ಲಿ ಬೇರೆ ಬರೆದಿದೆ," ಎಂದ.

"ಏನ್ ಬರೆದಿದೆ?" ಡ್ರಮ್ಮು ಕೇಳಿತು.

"ಮೇಸ್ತ್ರಿಯ ಅಪ್ಪಣೆ ಮೀರಿ ಅಂತ ಬರೆದಿದೆ. ಅಪ್ಪಣೆ ಮೀರಿ ಒಳಗೆ ಹೋದಳು ಅಂತ. ಇವರು ಓದಿದ್ದು ಇದಲ್ಲ." ಆಮೇಲೆ ತಲೆಯೆತ್ತಿ, ಹತ್ತು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟು, "ಥೂ!" ಎಂದ.

ಆ ಕಾಗದ ತಿರುವಿ ಹಾಕಿ, ಕಿವಿಯಿಂದ ಪೆನ್ಸಿಲ್ ತೆಗೆದು ಅವನೇ ಬರೆಯಲು ಕೂತ. ಹಲಗೆಗೆ ಗುರುತು ಹಾಕುವ ಕೈ. ಒಂದೊಂದು ಅಕ್ಷರವೂ ಮೊಳೆಯಷ್ಟು ದಪ್ಪ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಮೇಸ್ತ್ರಿ ಒಳಗೆ ಹೋಗು ಅಂದರು. ಅತ್ತಿಗೆ ಹೋದರು. ಯಾರೂ ಒಳಗೆ ನೋಡಲಿಲ್ಲ. ಇಂಜಿನ್ ತಿರುಗಿಸಿದರು. ಅತ್ತಿಗೆ ನಿದ್ದೆ ಮಾಡಿರಲಿಲ್ಲ. ಇನ್ನು ಮೇಲೆ ಒಳಗೆ ಹೋಗುವವರ ಕೈಯಲ್ಲಿ ಹ್ಯಾಂಡಲ್. ಬರೆದದ್ದನ್ನು ಗಟ್ಟಿಯಾಗಿ ಓದಿದ. ಡ್ರೈವರ್ ಇಸಿದುಕೊಂಡು ಅದನ್ನೇ ಎರಡನೇ ಸಲ ಓದಿದ. ಒಂದಕ್ಷರ ವ್ಯತ್ಯಾಸವಿರಲಿಲ್ಲ. ಓದಿ, ಮೊದಲ ಸಹಿ ಅವನೇ ಹಾಕಿದ. "ತಿರುಗಿಸಿದ್ದು ನಾನು" ಎಂದು ಸಹಿಯ ಪಕ್ಕದಲ್ಲಿ ಬರೆದ. ಆಮೇಲೆ ಪೆನ್ಸಿಲನ್ನು ಮೇಸ್ತ್ರಿಯ ಕಡೆ ಚಾಚಿದ. ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು. ಮೇಸ್ತ್ರಿ ಸಹಿ ಹಾಕಿದ.

ಗುಂಡಕ್ಕನನ್ನು ಎಳೆದು ತೆಗೆಯಲು ನಾಲ್ಕು ಜನ ಬೇಕಾಯಿತು. ಸೂಜಿ ತಾನೇ ಬಂದಳು. ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣ, ಕಣ್ಣು ಮಾತ್ರ ಕೆಂಪು. ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ. ಡ್ರಮ್ಮಿಗೇ ಒರಗಿ ನಿಂತಳು. ಕಾಗದ ಗಂಡನ ಕಿಸೆ ಸೇರಿದ್ದನ್ನು ನೋಡಿದಳು.

ಮೇಸ್ತ್ರಿ ಕೈ ಚಾಚಿದ. "ತಾ ಇಲ್ಲಿ ಹ್ಯಾಂಡಲ್. ಹೊತ್ತಾಯ್ತು."

"ಒಳಗೆ ನೋಡಿದ್ರಾ?"

"ಏನ್ ನೋಡೋದು? ನೀನು ಈಗ ತಾನೇ ಬಂದ್ಯಲ್ಲೇ!"

"ನಾನು ಬಂದೆ. ನೀವು ನೋಡಿದ್ರಾ?"

ಡ್ರೈವರ್ ಮುಂದೆ ಬಂದ. "ನಾನು ನೋಡ್ತೀನಿ ತಂಗಿ."

"ನಾಳೆಯಿಂದ ನೀವು ನೋಡಿ ಅಣ್ಣ. ಇವತ್ತು ಅವರು ನೋಡ್ಲಿ."

ಮೇಸ್ತ್ರಿ ಸುತ್ತ ನೋಡಿದ. ನಲವತ್ತು ಜನ. ಒಬ್ಬರೂ ಕೈಯಲ್ಲಿ ಬಾಂಡ್ಲಿ ಎತ್ತಿಕೊಂಡಿರಲಿಲ್ಲ. ಡ್ರಮ್ಮಿನ ಕಡೆ ಎರಡು ಹೆಜ್ಜೆ ಹೋಗಿ ದೂರದಿಂದಲೇ ಕತ್ತು ಚಾಚಿದ. "ಯಾರೂ ಇಲ್ಲ."

"ಅಲ್ಲಿಂದ ಮೂಲೆ ಕಾಣಲ್ಲ. ತಲೆ ಒಳಗೆ ಹಾಕ್ಬೇಕು."

ತಲೆ ಒಳಗೆ ಹಾಕಿದ. ಹೆಗಲವರೆಗೆ ಹೋದ. ಅಲ್ಲಿಗೆ ನಿಂತುಬಿಟ್ಟ. ಅವನ ಬಿಳಿ ಅಂಗಿಯ ಬೆನ್ನು ಒಮ್ಮೆಲೇ ಬೆವರಿತು. ಒಳಗೆ ಏನಿದೆ ಎಂದು ಅವನು ನೋಡಲೇ ಇಲ್ಲ. ಕುತ್ತಿಗೆ ಹೊರಳಿಸಿ, ಕಂಕುಳ ಸಂದಿಯಿಂದ ಹಿಂದೆ ನೋಡಿದ. ಹ್ಯಾಂಡಲ್ ಎಲ್ಲಿದೆ ಎಂದು ನೋಡಿದ.

ಸೂಜಿಯ ಕೈಯಲ್ಲಿತ್ತು.

"ಪೂರ್ತಿ ನೋಡಿ ಮೇಸ್ತ್ರಿ," ಎಂದಳು ಅವಳು. "ನಿಧಾನಕ್ಕೆ ನೋಡಿ. ಒಳಗೆ ಜನ ಇರುವಾಗ ನಾವು ತಿರುಗ್ಸಲ್ಲ."